ಬರೆಯದೆ ಬಿಟ್ಟ ಬಿಳುಪು

ಕೊಳ್ಳೇಗಾಲದಲ್ಲಿ ಚೈತ್ರ ಕಳೆದು ವೈಶಾಖ ಕಾಲಿಟ್ಟಿತೆಂದರೆ ನಡುಹಗಲಿನಲ್ಲಿ ಬೀದಿಗಿಳಿಯುವುದು ಸಾಹಸವೇ ಸರಿ. ಹೆಂಚು ಕಾಯುತ್ತದೆ, ಗೋಡೆ ಕಾಯುತ್ತದೆ, ಹಂಡೆಯ ನೀರು ಒಲೆಯ ಹಂಗಿಲ್ಲದೆಯೇ ಕಾಯುತ್ತದೆ. ಅಂತಹ ಒಂದು ಮಧ್ಯಾಹ್ನ, ಟೋಕಿಯೋ ನಗರದಲ್ಲಿ ಉದ್ಯೋಗದಲ್ಲಿರುವ ನನ್ನ ಭಾವಮೈದುನ ರಜೆಗೆಂದು ನಮ್ಮಲ್ಲಿಗೆ ಬಂದವನು, ಉದ್ದನೆಯ ಕೊಳವೆಯೊಂದರಿಂದ ಸುರುಳಿ ಸುತ್ತಿದ ಚಿತ್ರವನ್ನು ತೆಗೆದು ನಮ್ಮ ಮುಂದೆ ಬಿಚ್ಚಿದ. ಅಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಪ್ರಾಚೀನ ಚೀನೀ ಚಿತ್ರವೊಂದರ ಅಚ್ಚಿನ ಪ್ರತಿ ಅದು. ಹಿಮ ಬಿದ್ದ ಬೆಟ್ಟದ ಚಿತ್ರ.

ನನ್ನಾಕೆ ಅದನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, ತಮ್ಮನ ಕಡೆ ತಿರುಗಿ, "ಅಷ್ಟು ದೂರದಿಂದ ತಂದಿದ್ದೀಯ, ಸಂತೋಷ. ಆದರೆ ಇದರಲ್ಲಿ ಅರ್ಧಕ್ಕರ್ಧ ಏನೂ ಬರೆದೇ ಇಲ್ಲವಲ್ಲೋ!" ಎಂದಳು.

ನಾವೆಲ್ಲರೂ ನಕ್ಕೆವು. ಆದರೆ ಆ ಚಿತ್ರವನ್ನು ಕಟ್ಟುಹಾಕಿಸಿ ನಡುಮನೆಯ ಗೋಡೆಗೆ ತೂಗಿಸಿ, ದಿನವೂ ಹೋಗುತ್ತ ಬರುತ್ತ ನೋಡತೊಡಗಿದ ಮೇಲೆ, ಅವಳು ತಿಳಿಯದೆ ಆಡಿದ ಆ ಮಾತೇ ಚಿತ್ರದ ಬೀಗದ ಕೈ ಎಂಬುದು ನನಗೆ ಮನವರಿಕೆಯಾಯಿತು.

ಚಿತ್ರದಲ್ಲಿ ಇರುವುದೇನು?

ಚಿತ್ರವನ್ನು ಬರೆದವನ ಹೆಸರು ಲಿಯಾಂಗ್ ಕಾಯ್. ಕಾಲ, ಕ್ರಿ.ಶ. ಹದಿಮೂರನೆಯ ಶತಮಾನದ ಆದಿಭಾಗ. ಮೂಲಚಿತ್ರ ರೇಷ್ಮೆಯ ಬಟ್ಟೆಯ ಮೇಲೆ ಮಸಿಯಿಂದಲೂ ತೀರ ತೆಳುವಾದ ವರ್ಣದಿಂದಲೂ ಬರೆದದ್ದು; ಎತ್ತರ ಮೂರೂವರೆ ಅಡಿಗಿಂತ ತುಸು ಹೆಚ್ಚು, ಅಗಲ ಅದರ ಅರ್ಧಕ್ಕಿಂತಲೂ ಕಡಿಮೆ. ಮೇಲೆ ಮಬ್ಬು ಕವಿದ ಆಕಾಶ. ಅದಕ್ಕೆ ಒರಗಿದಂತೆ ಬೋಳಾದ ಬಿಳಿಯ ಬೆಟ್ಟ. ಕೆಳಗೆ ಎಲೆಯುದುರಿ ನಿಂತ ಕೆಲವು ಮರಗಳು. ಆ ಬೆಟ್ಟದ ಬುಡದಲ್ಲಿ, ಹುಡುಕಿದರೆ ಮಾತ್ರ ಕಾಣುವಷ್ಟು ಕಿರಿದಾಗಿ, ಸವಾರಿ ಹೊರಟ ಇಬ್ಬರು ಪ್ರಯಾಣಿಕರು. ಇಷ್ಟೇ. ಮನೆಯಿಲ್ಲ, ಹೊಗೆಯಿಲ್ಲ, ಎದುರುಗೊಳ್ಳುವವರಿಲ್ಲ.

ಹಾಗಾದರೆ ಹಿಮವೆಲ್ಲಿ? ನಮ್ಮ ಕಾಲೇಜಿನ ವಿದ್ಯಾರ್ಥಿಗಳಿಗೆ ಒಮ್ಮೆ ಇದನ್ನು ತೋರಿಸಿದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯೂ ಇದೇ: "ಹಿಮಕ್ಕೆ ಬಿಳಿ ಬಣ್ಣ ಎಲ್ಲಿ ಬಳಿದಿದ್ದಾರೆ ಸಾರ್?"

ಚೀನೀ ಕಲಾವಿದರು ಹಿಮವನ್ನು ತೋರಿಸುವುದಕ್ಕೆ ಎರಡು ಮೂರು ಉಪಾಯಗಳನ್ನು ಬಲ್ಲವರಾಗಿದ್ದರು. ಬಿಳಿಯ ಪುಡಿಯನ್ನು ಉದುರಿಸುವುದೂ ಅವುಗಳಲ್ಲಿ ಒಂದು. ಆದರೆ ಅವರು ಬಹುವಾಗಿ ಮೆಚ್ಚಿದ ಉಪಾಯ ಬೇರೆ. ಆಕಾಶಕ್ಕೂ ನೀರಿಗೂ ಕಮರಿಗಳಿಗೂ ತೆಳುವಾದ ಮಸಿನೀರನ್ನು ಪದರ ಪದರವಾಗಿ ಹಾಯಿಸಿ ಮಬ್ಬು ಮಾಡುವುದು. ಹಿಮವಿರಬೇಕಾದ ಎಡೆಯನ್ನು ಮುಟ್ಟದೆ ಬಿಡುವುದು. ಸುತ್ತಲಿನ ಮಬ್ಬಿನಿಂದ ಆ ಬರಿಯ ಬಟ್ಟೆ ತಾನೇ ಬೆಳಗಿ ಹಿಮವಾಗುತ್ತದೆ. ಎಂದರೆ ಹಿಮದ ಈ ಚಿತ್ರದಲ್ಲಿ ಚಿತ್ರಕಾರ ಬರೆಯದೆ ಉಳಿಸಿದ್ದು ಯಾವುದೋ ಅದೇ ಹಿಮ!

ರೇಷ್ಮೆಯ ಊರಿನ ಮಾತು

ನಮ್ಮ ಕೊಳ್ಳೇಗಾಲ ರೇಷ್ಮೆಯ ಊರು. ೧೯೫೬ರವರೆಗೆ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಿಂದಲೂ ಈ ಸೀಮೆಯ ಹಿಪ್ಪುನೇರಳೆಗೂ ಇಲ್ಲಿಯ ಮಗ್ಗಗಳಿಗೂ ಹೆಸರುಂಟು. ನಮ್ಮ ಬೀದಿಯಲ್ಲಿಯೇ ಮಗ್ಗ ಹಾಕಿಕೊಂಡಿರುವ ಹಿರಿಯರೊಬ್ಬರು ಒಂದು ಸಂಜೆ ಮನೆಗೆ ಬಂದರು. ಚಿತ್ರವನ್ನು ಹತ್ತಿರದಿಂದ ನೋಡಿ, "ಇದು ರೇಷ್ಮೆ ಮೇಲೆ ಬರೆದಿರೋದಾ ಮೇಷ್ಟ್ರೇ?" ಎಂದು ಕೇಳಿದರು. ಮೂಲಚಿತ್ರ ರೇಷ್ಮೆಯದು, ಇದು ಅಚ್ಚು ಎಂದೆ. "ಅದಕ್ಕೇ ನೋಡಿ, ಬೆಟ್ಟ ಬೆಳ್ಳಗಿಲ್ಲ, ಜೇನಿನ ಬಣ್ಣ ಬಂದದೆ. ಹಳೇ ರೇಷ್ಮೆ ಹಿಂಗೇ ಆಗೋದು" ಎಂದರು.

ಕಲಾವಿಮರ್ಶಕರು ಪುಟಗಟ್ಟಲೆ ಬರೆದು ಹೇಳುವುದನ್ನು ಆ ನೇಕಾರರು ಒಂದು ಮಾತಿನಲ್ಲಿ ಹೇಳಿಬಿಟ್ಟಿದ್ದರು. ಚಿತ್ರ ಬರೆಯುವ ರೇಷ್ಮೆಗೆ ಮಸಿ ಹರಡದಿರಲೆಂದು ಪಟಿಕ ಮತ್ತು ಅಂಟು ಬೆರೆಸಿದ ನೀರನ್ನು ಮೊದಲೇ ಬಳಿದು ಹದ ಮಾಡುತ್ತಾರೆ. ಹಾಗೆ ಹದಗೊಂಡ ಬಟ್ಟೆ ಎಂಟುನೂರು ವರ್ಷಗಳಲ್ಲಿ ಕಂದಿ ಕಪಿಲವರ್ಣಕ್ಕೆ ತಿರುಗಿದೆ. ಲಿಯಾಂಗ್ ಕಾಯ್ ಕಂಡ ಹಿಮ ಇಂದು ಮುಪ್ಪಿನ ಹಿಮ. ಆದರೂ ನೋಡುವವರಿಗೆ ಚಳಿಯಾಗುತ್ತದೆ! ಬಿಳಿಯ ಬಣ್ಣವನ್ನು ನೆಚ್ಚಿದ ಚಿತ್ರವಾಗಿದ್ದರೆ ಬಣ್ಣದೊಡನೆ ಹಿಮವೂ ಮಾಸಿಹೋಗುತ್ತಿತ್ತು. ಇದು ನೆಚ್ಚಿರುವುದು ಬಣ್ಣವನ್ನಲ್ಲ, ಬರಿದನ್ನು.

ಇಲ್ಲಿ ಕನ್ನಡದ ಮೇಷ್ಟರಾದ ನನಗೆ ಒಂದು ಮಾತು ಹೇಳದೆ ಇರಲಾಗದು. ನಮ್ಮ ನುಡಿಯಲ್ಲಿ 'ಮಂಜು' ಎಂಬ ಒಂದೇ ಪದ ಬೆಟ್ಟಕ್ಕೆ ಮುಸುಕುವ ಕಾವಳಕ್ಕೂ ಹೌದು, ಹಿಮಾಲಯದ ಮೇಲೆ ಬೀಳುವ ಹಿಮಕ್ಕೂ ಹೌದು. ಹಿಮವನ್ನು ಕಣ್ಣಾರೆ ಕಾಣದ ಜನ ತಾವು ಕಂಡದ್ದರ ಹೆಸರನ್ನು ಕಾಣದ್ದಕ್ಕೂ ಎರವಲು ಕೊಟ್ಟರು. ಇನ್ನು ನಮ್ಮ ಕಾವ್ಯಮೀಮಾಂಸೆಯಲ್ಲಿ ಬೆಟ್ಟವೂ ಋತುವೂ ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಸೇರಿವೆ. ಆದರೆ ಅವು ಬಹುಮಟ್ಟಿಗೆ ನಾಯಕ ನಾಯಿಕೆಯರ ಭಾವವನ್ನು ಕೆರಳಿಸುವ ಉದ್ದೀಪನವಿಭಾವಗಳು. ಬೆಟ್ಟ ಮನುಷ್ಯನಿಗಾಗಿ ನಿಂತಿರುತ್ತದೆ. ಚೀನೀ ಚಿತ್ರದಲ್ಲಿ ಈ ಸಂಬಂಧ ತಲೆಕೆಳಗು. ಅಲ್ಲಿ ಬೆಟ್ಟ ತನ್ನ ಪಾಡಿಗೆ ತಾನಿದೆ. ಮನುಷ್ಯ ಅದರ ಬುಡದಲ್ಲಿ ಹಾದುಹೋಗುವ ಒಂದು ಚುಕ್ಕೆ.

ಏಕಾಂತವೂ ಒಂಟಿತನವೂ

ಹಿಮವನ್ನು ಹೇಗೆ ಬರೆಯಲಿಲ್ಲವೋ ಹಾಗೆಯೇ ಏಕಾಂತವನ್ನೂ ಚಿತ್ರಕಾರ ಎಲ್ಲಿಯೂ ಬರೆದಿಲ್ಲ. ಪ್ರಯಾಣಿಕರ ಮುಖ ನಮಗೆ ಕಾಣುವಂತಿಲ್ಲ. ದುಃಖವೋ ಶಾಂತಿಯೋ ತಿಳಿಯುವಂತಿಲ್ಲ. ಮನೆ, ದೀಪ, ಸಂತೆ, ಮಾತು ಎಲ್ಲವನ್ನೂ ತೆಗೆದ ಮೇಲೆ ಉಳಿದದ್ದೇ ಏಕಾಂತ. ಆದರೆ ಹಾಗೆ ಉಳಿದದ್ದು ಏಕಾಂತವೋ ಅಥವಾ ಒಂಟಿತನವೋ? ಇವೆರಡೂ ಒಂದೇ ಅಲ್ಲ. ಏಕಾಂತ ನಾವು ಬಾಗಿಲು ಹಾಕಿಕೊಂಡು ಪಡೆಯುವುದು. ಒಂಟಿತನ ಹೊರಗಿನಿಂದ ಬಾಗಿಲು ಹಾಕಿದಾಗ ಬರುವುದು.

ಲಿಯಾಂಗ್ ಕಾಯ್ ಬಾಗಿಲನ್ನು ತಾನೇ ಹಾಕಿಕೊಂಡವನು. ಅವನು ಸೊಂಗ್ ವಂಶದ ಆಸ್ಥಾನದ ಚಿತ್ರಶಾಲೆಯಲ್ಲಿ ದೊಡ್ಡ ಪದವಿಯಲ್ಲಿದ್ದ. ೧೨೦೧ರಿಂದ ೧೨೦೪ರ ನಡುವಿನ ಕಾಲ. ಚಿತ್ರಕಾರನಿಗೆ ಸಲ್ಲಬಹುದಾದ ಅತಿ ದೊಡ್ಡ ಮರ್ಯಾದೆಯಾಗಿ ಅರಸು ಅವನಿಗೆ ಚಿನ್ನದ ನಡುಪಟ್ಟಿಯನ್ನು ದಯಪಾಲಿಸಿದ. ಲಿಯಾಂಗ್ ಕಾಯ್ ಅದನ್ನು ಅಲ್ಲಿಯೇ ತೂಗುಹಾಕಿ ಹೊರಟುಹೋದನೆಂದು ಚೀನೀ ಗ್ರಂಥಗಳು ಹೇಳುತ್ತವೆ. ಮದ್ಯಪ್ರಿಯ, ತನ್ನನ್ನು ತಾನೇ 'ಹುಚ್ಚ ಲಿಯಾಂಗ್' ಎಂದು ಕರೆದುಕೊಳ್ಳುತ್ತಿದ್ದ. ಜಪಾನಿಗೆ ಹೋದ ಅವನ ಈ ಹಿಮಚಿತ್ರವನ್ನು ಅಲ್ಲಿಯ ಅಶಿಕಾಗ ಪ್ರಭುಗಳು, ಉಗ್ರ ತಪಸ್ಸನ್ನು ಬಿಟ್ಟು ಬೆಟ್ಟದಿಂದಿಳಿದು ಬರುವ ಶಾಕ್ಯಮುನಿಯ ಚಿತ್ರದ ಪಕ್ಕದಲ್ಲಿ ತೂಗಿಸುತ್ತಿದ್ದರು. ಮುನಿಯ ಚಿತ್ರವೂ ಅವನದೇ. ಏಕಾಂತಕ್ಕೆ ಹೋದವನೂ ಒಂದು ದಿನ ಜನರ ನಡುವೆ ಇಳಿದು ಬರಬೇಕೆಂಬುದನ್ನು ಆ ಜೋಡಣೆ ಮೌನವಾಗಿ ಹೇಳುತ್ತದೆ.

ಇದಕ್ಕೆ ನಾಲ್ಕು ಶತಮಾನಗಳ ಹಿಂದೆ ಬಾಳಿದ ಲ್ಯೂ ಝೊಂಗ್‌ಯುವಾನ್ ಎಂಬ ಕವಿಯ ಕಥೆ ಬೇರೆ. ಹಿಮ ಮುಚ್ಚಿದ ಹೊಳೆಯಲ್ಲಿ ಒಬ್ಬನೇ ಕುಳಿತು ಗಾಳ ಹಾಕುವ ಮುದುಕನನ್ನು ಕುರಿತು ಅವನು ಇಪ್ಪತ್ತೇ ಅಕ್ಷರಗಳ ಕವಿತೆಯೊಂದನ್ನು ಬರೆದ. ಆ ಮುದುಕ ತಲೆಮಾರುಗಳುದ್ದಕ್ಕೂ ಚೀನೀ ಚಿತ್ರಕಾರರ ಕುಂಚದ ತುದಿಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ. ಆದರೆ ಕವಿ ಹೊಳೆಗೆ ಹೋದದ್ದು ತನ್ನಿಚ್ಛೆಯಿಂದಲ್ಲ. ರಾಜಕಾರಣದಲ್ಲಿ ಸೋತ ಪಕ್ಷಕ್ಕೆ ಸೇರಿದ್ದಕ್ಕಾಗಿ ೮೦೫ರಲ್ಲಿ ಅವನನ್ನು ರಾಜಧಾನಿಯಿಂದ ದೂರದ ದಕ್ಷಿಣಕ್ಕೆ ಅಟ್ಟಿದ್ದರು. ರಾಜಧಾನಿಯಲ್ಲಿ ಮತ್ತೆ ನೆಲೆ ಸಿಕ್ಕದೆ ೮೧೯ರಲ್ಲಿ ದಕ್ಷಿಣದಲ್ಲಿಯೇ ತೀರಿಕೊಂಡ. ಆ ದಕ್ಷಿಣ ಸೀಮೆಯಲ್ಲಿ ಹಿಮ ಎಷ್ಟು ಅಪರೂಪವೆಂದರೆ, ಒಂದು ವರ್ಷ ಬಿದ್ದಾಗ ಊರ ನಾಯಿಗಳೆಲ್ಲ ಬೆದರಿ, ಹಿಮ ಕರಗುವವರೆಗೂ ಬೊಗಳುತ್ತ ಓಡಾಡಿದುವೆಂದು ಅವನೇ ಪತ್ರವೊಂದರಲ್ಲಿ ಹೇಳಿದ್ದಾನೆ. ನಮ್ಮ ಕೊಳ್ಳೇಗಾಲದಲ್ಲಿ ಹಿಮ ಬಿದ್ದರೆ ನಾಯಿಗಳಷ್ಟೇ ಅಲ್ಲ, ನಾವೂ ಹಾಗೆಯೇ ಓಡಾಡಿಯೇವು!

ಲಿಯಾಂಗ್ ಕಾಯ್‌ನ ಕಾಲವಾದರೂ ನಷ್ಟದ ಕಾಲವೇ. ೧೧೨೭ರಲ್ಲಿ ಸೊಂಗ್ ಅರಸರು ಉತ್ತರದ ನಾಡನ್ನೂ ರಾಜಧಾನಿಯನ್ನೂ ಪರರಿಗೆ ಬಿಟ್ಟು ದಕ್ಷಿಣದ ಹಾಂಗ್‌ಚೌ ನಗರಕ್ಕೆ ಬಂದು ನೆಲೆಸಿದ್ದರು. ಕಳೆದುಕೊಂಡ ಉತ್ತರದ ಗಿರಿಗಳನ್ನು ನೋಡದೆಯೇ ಹುಟ್ಟಿ ಬೆಳೆದ ಪೀಳಿಗೆಯ ನಡುವೆ ಕುಳಿತು ಅವನು ಈ ಹಿಮದ ಬೆಟ್ಟವನ್ನು ಬರೆದ.

ನಮ್ಮವರಿಬ್ಬರು

ಇದೆಲ್ಲ ಚೀನದ ಮಾತಾಯಿತು, ನಮ್ಮ ನಾಡಿನಲ್ಲಿ ಇಂತಹವರಿಲ್ಲವೆ ಎಂದು ವಾಚಕರು ಕೇಳಬಹುದು. ಇದ್ದಾರೆ.

ಮೈಸೂರಿನ ಕೆ. ವೆಂಕಟಪ್ಪನವರು ೧೯೦೯ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ೧೯೦೩ರಲ್ಲಿ ಯೊಕೊಯಾಮ ತೈಕಾನ್, ಹಿಶಿದ ಶುನ್ಸೊ ಎಂಬ ಇಬ್ಬರು ಜಪಾನೀ ಕಲಾವಿದರು ಕಲ್ಕತ್ತೆಗೆ ಬಂದಿದ್ದರು. ನೀರಿನಲ್ಲಿ ತೊಯ್ಸಿ ವರ್ಣವನ್ನು ತೆಳುವಾಗಿ ಹರಡುವ ಬಗೆಯನ್ನು ಅವನೀಂದ್ರನಾಥರು ರೂಢಿಸಿಕೊಂಡದ್ದು ತೈಕಾನರ ಕೆಲಸವನ್ನು ಕಂಡು. ಜಪಾನೀಯರಿಗೆ ಮಸಿಚಿತ್ರ ಕಲಿಸಿದವರು ಚೀನೀಯರು. ಹೀಗೆ ಸುತ್ತುಬಳಸಿನ ನೆಂಟಸ್ತಿಕೆಯೊಂದು ಮೈಸೂರಿನವರೆಗೆ ಬಂದಿತು. ಮುಂದೆ ವೆಂಕಟಪ್ಪನವರ ಕುಂಚ ತನ್ನದೇ ದಾರಿ ಹಿಡಿಯಿತು. ೧೯೨೬ರಲ್ಲಿ ಅವರು ಉದಕಮಂಡಲದಲ್ಲಿ ಬರೆದ ಜಲವರ್ಣಗಳಲ್ಲಿ ಮೋಡ, ಬೆಳಕು, ಬೆಟ್ಟಗಳೇ ಮುಖ್ಯ ಪಾತ್ರಗಳು, ಮನುಷ್ಯನ ಗದ್ದಲವಿಲ್ಲ. ಮದುವೆಯಾಗದೆ, ಕಲೆಯನ್ನೂ ವೀಣೆಯನ್ನೂ ತಪಸ್ಸಿನಂತೆ ನಡೆಸಿಕೊಂಡು, ೧೯೬೫ರಲ್ಲಿ ಅವರು ಕಾಲವಾದರು. ಅವರದು ತಾವೇ ಆರಿಸಿಕೊಂಡ ಏಕಾಂತ.

ಇನ್ನೊಬ್ಬರು ನಮ್ಮ ನೆರೆಯವರೇ. ಯಳಂದೂರು ತಾಲ್ಲೂಕಿನ ಅಗರದಲ್ಲಿ ೧೮೯೮ರಲ್ಲಿ ಹುಟ್ಟಿದ ನಾಟಕಕಾರ ಸಂಸರು. ಮೈಸೂರು ಅರಸರ ಇತಿಹಾಸವನ್ನು ಹಳಗನ್ನಡದ ಬಿಗುಪಿನಲ್ಲಿ ರಂಗಕ್ಕೆ ತಂದ ಅವರು ಒಂದೂರಿನಲ್ಲಿ ನಿಲ್ಲಲಿಲ್ಲ. ಯಾರೋ ಬೆನ್ನಟ್ಟುತ್ತಿದ್ದಾರೆಂಬ ಭಯ ಅವರನ್ನು ಊರಿಂದೂರಿಗೆ ಅಲೆಸಿತು. ೧೯೩೯ರಲ್ಲಿ ಮೈಸೂರಿನಲ್ಲಿ ತಮ್ಮ ಬಾಳನ್ನು ತಾವೇ ಮುಗಿಸಿಕೊಂಡರು. ಬರೆದ ನಾಟಕಗಳಲ್ಲಿ ನಮಗೆ ಉಳಿದಿರುವುವು ಕೆಲವೇ. ತರಗತಿಯಲ್ಲಿ ಅವರ 'ವಿಗಡ ವಿಕ್ರಮರಾಯ'ವನ್ನು ಪಾಠ ಹೇಳುವಾಗಲೆಲ್ಲ ನನಗೆ ಅನಿಸುವುದುಂಟು: ಇದು ಏಕಾಂತವಲ್ಲ, ಜೊತೆಗೆ ನಡೆಯುವವರು ಒಬ್ಬರೂ ಇಲ್ಲದ ಹಿಮದ ದಾರಿ.

ಒಡೆಯರಪಾಳ್ಯದ ಹಿರಿಯರು

ಇಷ್ಟನ್ನು ಪುಸ್ತಕದಿಂದ ತಿಳಿದುಕೊಂಡು, ಚಿತ್ರದ ವಿಷಯವಾಗಿ ನನಗೆ ತಿಳಿಯಬೇಕಾದದ್ದೆಲ್ಲ ತಿಳಿಯಿತೆಂದು ಭಾವಿಸಿದ್ದೆ. ಆದರೆ ಹಿಮವನ್ನು ಕಂಡವರು, ತುಳಿದವರು, ಅದರಲ್ಲಿ ತಮ್ಮವರನ್ನು ಬಿಟ್ಟು ಬಂದವರು ನಮ್ಮ ಮಗ್ಗುಲಿನಲ್ಲಿಯೇ ಇದ್ದಾರೆಂಬುದನ್ನು ಮರೆತಿದ್ದೆ.

ಹನೂರು ಸೀಮೆಯ ಲೊಕ್ಕನಹಳ್ಳಿಯ ಆಚೆ, ಕಾಡಿನ ಅಂಚಿನಲ್ಲಿ ಒಡೆಯರಪಾಳ್ಯವಿದೆ. ೧೯೫೯ರ ತರುವಾಯ ಭಾರತಕ್ಕೆ ಬಂದ ಟಿಬೆಟ್ಟಿನ ನಿರಾಶ್ರಿತರಿಗಾಗಿ ೧೯೭೦ರ ದಶಕದಲ್ಲಿ ಅಲ್ಲಿ ವಸತಿಯೊಂದು ಏರ್ಪಟ್ಟಿತು. ಅದನ್ನು ಅವರು ಧೋಂಡೆನ್‌ಲಿಂಗ್ ಎನ್ನುತ್ತಾರೆ. ಮುಸುಕಿನ ಜೋಳದ ಹೊಲಗಳ ನಡುವೆ ಪ್ರಾರ್ಥನೆಯ ಬಣ್ಣಬಣ್ಣದ ಪತಾಕೆಗಳು. ಬಿಸಿಲಿಗೆ ಹೊಳೆಯುವ ವಿಹಾರದ ಶಿಖರ. ಅಲ್ಲಿಯ ಹುಡುಗನೊಬ್ಬ ನನ್ನ ವಿದ್ಯಾರ್ಥಿಯಾಗಿದ್ದ. ನನ್ನ ಚಿತ್ರದ ಸಂಗತಿ ಕೇಳಿ, "ನಮ್ಮ ಅಜ್ಜನಿಗೆ ತೋರಿಸಿ ಸಾರ್" ಎಂದ. ಚೀನೀ ಚಿತ್ರವನ್ನು ಅವರ ಮುಂದಿಡುವುದು ಉಚಿತವೋ ಅಲ್ಲವೋ ಎಂದು ನಾನು ಹಿಂಜರಿದೆ. ಹುಡುಗ ನಕ್ಕು, "ಅಜ್ಜನಿಗೆ ಅದೆಲ್ಲ ಏನೂ ಇಲ್ಲ ಸಾರ್" ಎಂದ.

ಅಜ್ಜನಿಗೆ ಎಂಬತ್ತು ಸಮೀಪಿಸಿತ್ತು. ಬಾಲಕನಾಗಿದ್ದಾಗ ತಂದೆಯ ಹಿಂದೆ ಹಿಮದ ಕಣಿವೆಗಳನ್ನು ದಾಟಿ ಬಂದವರು. ರಸ್ತೆ ಕಡಿಯುವ ಕೂಲಿಯಲ್ಲಿ ತಾರುಣ್ಯ ಕಳೆದು ಕೊನೆಗೆ ಇಲ್ಲಿಗೆ ಬಂದು ನೆಲೆಸಿದವರು. ಕನ್ನಡವನ್ನು ಹನೂರಿನ ಸಂತೆಯಲ್ಲಿ ಕಲಿತಿದ್ದರು. ಬೆಣ್ಣೆಯ ಚಹಾ ಕೊಟ್ಟು, ಕನ್ನಡಕವನ್ನು ಒರೆಸಿಕೊಂಡು, ಚಿತ್ರವನ್ನು ಮಂಡಿಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ನಾನು ಏಕಾಂತವನ್ನು ಕುರಿತು ನಾಲ್ಕು ಮಾತು ಸಿದ್ಧಪಡಿಸಿಕೊಂಡು ಕುಳಿತಿದ್ದೆ.

ಅವರು ಬೆಟ್ಟವನ್ನು ನೋಡಲಿಲ್ಲ. ಬೆರಳನ್ನು ನೇರವಾಗಿ ಬುಡದ ಆ ಎರಡು ಚುಕ್ಕೆಗಳ ಮೇಲಿಟ್ಟರು.

"ಇಬ್ಬರಿದ್ದಾರೆ. ಒಳ್ಳೆಯದು" ಎಂದರು. "ಹಿಮದಲ್ಲಿ ಒಬ್ಬನೇ ಹೋಗಬಾರದು."

ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಇವರು ಊರು ಬಿಟ್ಟು ಹೋಗ್ತಾ ಇದ್ದಾರಾ, ಇಲ್ಲ ಊರಿಗೆ ವಾಪಸ್ಸು ಹೋಗ್ತಾ ಇದ್ದಾರಾ?"

ನನಗೆ ಉತ್ತರ ತೋಚಲಿಲ್ಲ. ತಿಂಗಳುಗಟ್ಟಲೆ ದಿನವೂ ನೋಡಿದ ಚಿತ್ರ. ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಚಿತ್ರದಲ್ಲಿ ಅದಕ್ಕೆ ಸುಳಿವೂ ಇಲ್ಲ. "ಗೊತ್ತಿಲ್ಲ ಅಜ್ಜ" ಎಂದೆ. ಅವರು ತಲೆಯಾಡಿಸಿ, ಚಿತ್ರವನ್ನು ಜೋಪಾನವಾಗಿ ಸುತ್ತಿ ನನ್ನ ಕೈಗಿತ್ತರು.

ನಾನು ಏಕಾಂತವನ್ನು ಕಂಡ ಕಡೆ ಅವರು ಜೊತೆಯನ್ನು ಕಂಡಿದ್ದರು. ಕಾಲೇಜು, ಮನೆ, ಮಕ್ಕಳ ಪಾಠ, ತಿಂಗಳ ಲೆಕ್ಕ ಇವುಗಳ ನಡುವೆ ಉಸಿರಾಡಲು ಬಿಡುವಿಲ್ಲದ ನಮ್ಮಂಥವರಿಗೆ ಬರಿದಾದ ಬೆಟ್ಟ ಆಸೆ ಹುಟ್ಟಿಸುತ್ತದೆ. ಹನ್ನೊಂದನೆಯ ಶತಮಾನದ ಚಿತ್ರಕಾರ ಗುವೊ ಶಿ ಕೂಡ ಇದನ್ನೇ ಗುರುತಿಸಿದ್ದ: ಅರಸನ ಸೇವೆಗೂ ಸಂಸಾರಕ್ಕೂ ಕಟ್ಟುಬಿದ್ದು ಬೆಟ್ಟಕ್ಕೆ ಹೋಗಲಾರದ ಸಜ್ಜನನಿಗೆ, ಕುಳಿತಲ್ಲಿಯೇ ಬೆಟ್ಟವನ್ನು ತಂದುಕೊಡುವುದು ಚಿತ್ರದ ಕೆಲಸವೆಂಬುದು ಅವನ ಅಭಿಪ್ರಾಯ. ಆದರೆ ಬೆಟ್ಟವನ್ನು ನಿಜವಾಗಿ ದಾಟಿದವನು ಮೊದಲು ಎಣಿಸುವುದು ತಲೆಗಳನ್ನು. ಮನೆಯಿರುವವನಿಗೆ ಮಾತ್ರ ಏಕಾಂತ ಸುಖ. ಮನೆ ಕಳೆದುಕೊಂಡವನಿಗೆ ಆ ಬಿಳುಪು ಬೇರೆಯೇ. ಒಂದೇ ರೇಷ್ಮೆ, ಒಂದೇ ಬರಿದು. ಅದನ್ನು ತುಂಬುವವರು ನೋಡುವ ನಾವು.

ಬಿಳಿಗಿರಿಯ ಮುಂಜಾನೆ

ಮಾರ್ಗಶಿರದ ಒಂದು ದಿನ ಸಂಸಾರಸಮೇತನಾಗಿ ಯಳಂದೂರಿನ ಮೇಲೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದೆ. ಬೆಟ್ಟಕ್ಕೆ ಶ್ವೇತಾದ್ರಿ ಎಂದೂ ಹೆಸರು. ಬೆಟ್ಟದ ಬಿಳಿಯ ಬಂಡೆಯಿಂದ ಆ ಹೆಸರು ಬಂತೆನ್ನುವವರುಂಟು. ಸದಾ ಮುಸುಕುವ ಬಿಳಿಯ ಮಂಜಿನಿಂದ ಬಂತೆನ್ನುವವರೂ ಉಂಟು. ಬೆಳಗಿನ ಜಾವ ಕಮರಿಯ ಅಂಚಿನಲ್ಲಿರುವ ದೇವಾಲಯದ ಬಳಿ ನಿಂತಾಗ ನನಗೆ ಎರಡನೆಯ ಮಾತೇ ಸರಿಯೆನಿಸಿತು. ಕೆಳಗೆ ಕೆರೆಯಿಲ್ಲ, ಊರಿಲ್ಲ, ತೋಟವಿಲ್ಲ. ಕಣ್ಣು ಹಾಯುವವರೆಗೂ ಬಿಳುಪು. ನಡುನಡುವೆ ತಲೆಯೆತ್ತಿದ ಒಂದೆರಡು ಗುಡ್ಡದ ನೆತ್ತಿ. ನಮ್ಮ ಗೋಡೆಯ ಮೇಲಿನ ಚಿತ್ರವನ್ನು ಯಾರೋ ಅಡ್ಡಲಾಗಿ ಹಾಸಿದಂತಿತ್ತು.

ನನ್ನಾಕೆ ಶಾಲನ್ನು ಬಿಗಿಯಾಗಿ ಹೊದ್ದು ನಿಂತಿದ್ದಳು. ಕೆಳಗಿನ ದಾರಿಯಲ್ಲಿ, ಮಂಜಿನೊಳಗಿಂದ ಇಬ್ಬರು ಸೋಲಿಗರು ಒಬ್ಬರ ಹಿಂದೊಬ್ಬರು ನಡೆದು ಬಂದು, ತಿರುವಿನಲ್ಲಿ ಮತ್ತೆ ಮಂಜಿನೊಳಗೆ ಕರಗಿದರು. "ಪಾಪ, ಈ ಚಳಿಯಲ್ಲಿ ಎಲ್ಲಿಗೆ ಹೊರಟರೋ!" ಎಂದಳು. ಒಡೆಯರಪಾಳ್ಯದ ಅಜ್ಜನ ಪ್ರಶ್ನೆ ನನ್ನ ಕಿವಿಯಲ್ಲಿ ಮತ್ತೆ ನುಡಿಯಿತು. ಈ ಇಬ್ಬರ ಬಗ್ಗೆಯಾದರೂ ಒಂದು ಧೈರ್ಯವಿತ್ತು: ಅವರು ತಮ್ಮ ಕಾಡಿನಲ್ಲಿಯೇ ಇದ್ದರು. ಸೂರ್ಯ ಏರಿದ. ಗಂಟೆಯೊಂದು ಕಳೆಯುವುದರಲ್ಲಿ ಕೆರೆಯೂ ಊರೂ ತೋಟವೂ ಒಂದೊಂದಾಗಿ ತಮ್ಮ ತಮ್ಮ ಎಡೆಗೆ ಹಿಂದಿರುಗಿದುವು.

ಚಿತ್ರ ಈಗಲೂ ನಡುಮನೆಯಲ್ಲಿದೆ. ಬಿಸಿಲಿನಲ್ಲಿ ಬಂದ ನೆಂಟರು ಅದರ ಮುಂದೆ ಒಂದು ಗಳಿಗೆ ನಿಂತು, ಹಿಮಕ್ಕೆ ಬಣ್ಣವೆಲ್ಲಿ ಎಂದು ಕೇಳುವುದೂ ತಪ್ಪಿಲ್ಲ. ಉತ್ತರ ಹೇಳುವ ಕೆಲಸ ಈಗ ನನ್ನದಲ್ಲ. ನನ್ನಾಕೆಯೇ ಮಜ್ಜಿಗೆಯ ಲೋಟವನ್ನು ಕೈಗಿತ್ತು, "ಅದನ್ನು ಬರೆದಿಲ್ಲ, ಬಿಟ್ಟಿದ್ದಾರೆ. ಮೊದಲು ಕೆಳಗೆ ನೋಡಿ, ಇಬ್ಬರಿದ್ದಾರೆ" ಎನ್ನುತ್ತಾಳೆ.